ರಿಟೈರ್ ಆದವರಿಗೆ ಕೆಲಸ ಕೊಡುವ ಯಹೂದಿ ಸಂಸ್ಥೆಗಳು: ಹತ್ತಿರದಿಂದ ನೋಡಿದವರು ಬರೆಯಿರಿ

ಕ್ವೀನ್ಸ್ ಕನ್ನಡಿಗ

ಹೋದ ವಾರ ಇಲ್ಲಿ ಒಬ್ಬರು "ರಿಟೈರ್ ಆದ ಅಪ್ಪನಿಗೆ ಹೊತ್ತು ಹೋಗುತ್ತಿಲ್ಲ, ಏನು ಮಾಡಲಿ" ಅಂತ ಕೇಳಿದ್ದರು. ಉತ್ತರಗಳನ್ನೆಲ್ಲ ಓದಿದೆ. ಟಿವಿ, ವಾಕಿಂಗ್, ದೇವಸ್ಥಾನ, ಕಾಶಿಯಾತ್ರೆ, ಮೊಮ್ಮಕ್ಕಳು. ಎಲ್ಲ ಸರಿ. ಆದರೆ ಆ ಅಪ್ಪನಿಗೆ ಏನು ಬರುತ್ತದೆ, ಅವರಿಂದ ಯಾರಿಗೆ ಏನು ಉಪಯೋಗ ಆಗಬಹುದು ಅಂತ ಒಬ್ಬರೂ ಕೇಳಲಿಲ್ಲ.

ನಾನು ನ್ಯೂಯಾರ್ಕಿನಲ್ಲಿ ಹಿರಿಯರ ಕೇಂದ್ರವೊಂದರ ಲೆಕ್ಕಪತ್ರ ನೋಡುತ್ತೇನೆ. ನಡೆಸುವುದು ಯಹೂದಿ ಸಂಸ್ಥೆ, ಬರುವವರು ಎಲ್ಲ ಜಾತಿ ಧರ್ಮದವರು. ಇಲ್ಲಿ ಹೊಸದಾಗಿ ಯಾರೇ ಬಂದರೂ ಬಿಪಿ ಶುಗರ್ ಕೇಳುವುದಕ್ಕೆ ಮುಂಚೆ ನೀವು ಏನು ಕೆಲಸ ಮಾಡುತ್ತಿದ್ದಿರಿ, ಏನು ಕಲಿಸಬಲ್ಲಿರಿ ಅಂತ ಕೇಳುತ್ತಾರೆ. ದರ್ಜಿ ಆಗಿದ್ದವರು ಹೊಲಿಗೆ ಕ್ಲಾಸು ತೆಗೆದುಕೊಳ್ಳುತ್ತಾರೆ, ಅಕೌಂಟೆಂಟ್ ಆಗಿದ್ದವರು ಪಕ್ಕದ ಮೇಜಿನವರ ಟ್ಯಾಕ್ಸ್ ಕಾಗದ ನೋಡಿಕೊಡುತ್ತಾರೆ.

ಇದರ ಹಿಂದೆ ಒಂದು ಹಳೇ ಕಥೆ ಇದೆ. ಮ್ಯಾನ್‌ಹಟನ್‌ನ ಚೆಲ್ಸೀ ಅನ್ನುವ ಕಡೆ ಪೆನ್ ಸೌತ್ ಅಂತ ಒಂದು ಸಹಕಾರಿ ವಸತಿ ಸಂಕೀರ್ಣ. ಹತ್ತು ಕಟ್ಟಡ, 2820 ಮನೆ. ಹೆಂಗಸರ ಉಡುಪು ಹೊಲಿಯುವ ಕಾರ್ಮಿಕರ ಯೂನಿಯನ್ ಮುಂದೆ ನಿಂತು ಕಟ್ಟಿಸಿದ್ದು. ಆ ಯೂನಿಯನ್ನಿನಲ್ಲಿ ಯಹೂದಿ ಮತ್ತು ಇಟಾಲಿಯನ್ ವಲಸಿಗರು ತುಂಬ ಇದ್ದರು. 1962ರ ಉದ್ಘಾಟನೆಗೆ ಅಧ್ಯಕ್ಷ ಕೆನಡಿಯೇ ಬಂದು ಭಾಷಣ ಮಾಡಿದ್ದರು. ನಲವತ್ತು ಐವತ್ತರ ವಯಸ್ಸಿನಲ್ಲಿ ಮನೆ ತೆಗೆದುಕೊಂಡವರು ಎಲ್ಲೂ ಹೋಗಲಿಲ್ಲ. ಎಂಬತ್ತರ ದಶಕಕ್ಕೆ ಬರುವಷ್ಟರಲ್ಲಿ ಇಡೀ ಸಂಕೀರ್ಣವೇ ಮುದಿಯಾಗಿತ್ತು. ಒಲೆ ಆರಿಸಲು ಮರೆಯುವವರು, ಬಾಗಿಲು ತೆರೆಯದವರು, ತಿಂಗಳ ಶುಲ್ಕ ಕಟ್ಟಲು ಮರೆಯುವವರು. ಇವರನ್ನೆಲ್ಲ ವೃದ್ಧಾಶ್ರಮಕ್ಕೆ ಸಾಗಿಸುವುದು ಆಗುವ ಮಾತಾ? ಅದರ ಬದಲು ನರ್ಸ್, ಸಮಾಜ ಕಾರ್ಯಕರ್ತೆ, ಕ್ಲಾಸುಗಳನ್ನೇ ಕಟ್ಟಡದ ಒಳಗೆ ತರೋಣ ಅಂತ 1986ರಲ್ಲಿ ಶುರು ಮಾಡಿದರು. ನ್ಯೂಯಾರ್ಕಿನ ಯಹೂದಿ ಫೆಡರೇಶನ್, ಅಂದರೆ ಸಮುದಾಯದಿಂದ ದೇಣಿಗೆ ಕೂಡಿಸಿ ಹಂಚುವ ಸಂಸ್ಥೆ, ದುಡ್ಡು ಹಾಕಿತು. ಅಮೆರಿಕದಲ್ಲಿ ಈ ಥರದ್ದು ಅದೇ ಮೊದಲು. ಇಂಥ ತಾಣಗಳಿಗೆ "ನಾರ್ಕ್" ಅನ್ನುತ್ತಾರೆ. ವೃದ್ಧರಿಗೆ ಅಂತ ಕಟ್ಟದಿದ್ದರೂ ಅಲ್ಲಿದ್ದವರಿಗೆಲ್ಲ ತಾನಾಗಿ ವಯಸ್ಸಾಗಿ ಹಾಗಾದ ವಠಾರ ಅಂತಿಟ್ಟುಕೊಳ್ಳಿ. ವಿಸ್ಕಾನ್ಸಿನ್‌ನ ಮೈಕಲ್ ಹಂಟ್ ಅನ್ನುವ ಪ್ರೊಫೆಸರ್ ಕೊಟ್ಟ ಹೆಸರು ಅದು.

ಬೇರೆ ಕಡೆ ಇಂಥದ್ದನ್ನು ನೋಡಿದವರು, ಅಲ್ಲಿ ಕೆಲಸ ಮಾಡಿದವರು ಇದ್ದರೆ ಬರೆಯಿರಿ. ಬರೀ ಹೊಗಳಿಕೆ ಬೇಡ.

ಅಪಾರ್ಟ್‌ಮೆಂಟ್ ಸೆಕ್ರೆಟರಿ

ಸರ್, ನಮ್ಮದು ಕನಕಪುರ ರಸ್ತೆ. ನೀವು ಬರೆದದ್ದು ಓದಿ ನಮ್ಮ ಬ್ಲಾಕಿನ ಕಥೆಯೇ ಅನ್ನಿಸಿತು. ಮಕ್ಕಳು ಡಲ್ಲಾಸ್, ಸಿಡ್ನಿ. ಇಲ್ಲಿ ಇಬ್ಬರೇ ಇರುವ ಮನೆಗಳು, ಈಗ ಒಬ್ಬರೇ ಇರುವ ಮನೆಗಳು ಕೂಡ ಜಾಸ್ತಿ ಆಗುತ್ತಿವೆ. ನನಗೆ ಬೇಕಾದ್ದು ಒಂದೇ ವಿಷಯ. ದುಡ್ಡು ಯಾರು ಕೊಡುತ್ತಾರೆ? ನಮ್ಮಲ್ಲಿ ಲಿಫ್ಟ್ ರಿಪೇರಿಗೆ ನೂರು ರೂಪಾಯಿ ಜಾಸ್ತಿ ಕೇಳಿದರೆ ವಾಟ್ಸಾಪ್ ಗ್ರೂಪಿನಲ್ಲಿ ಮೂರು ದಿನ ಜಗಳ.

ರಾಜಾಜಿನಗರದವ

ಅವರು ದುಡ್ಡಿರುವ ಜನ ಬಿಡಿ. ಅವರಿಗೆ ಎಲ್ಲ ನಡೆಯುತ್ತದೆ. ನಮಗೂ ಅವರಿಗೂ ಹೋಲಿಕೆ ಎಲ್ಲಿಂದ?

ಕ್ವೀನ್ಸ್ ಕನ್ನಡಿಗ

ರಾಜಾಜಿನಗರದವರೇ, ಇದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಕೇಂದ್ರದ ಮಧ್ಯಾಹ್ನದ ಊಟದ ಸಾಲಿನಲ್ಲಿ ಒಂದು ದಿನ ನಿಂತರೆ ಈ ಮಾತು ಹೇಳುವುದಿಲ್ಲ. ಪೆನ್ ಸೌತ್ ಕಟ್ಟಿದ್ದು ಹೊಲಿಗೆ ಮೆಷಿನ್ ತುಳಿದವರಿಗೆ. ಸೋವಿಯತ್ ಒಕ್ಕೂಟದಿಂದ ಬಂದ ಯಹೂದಿ ಹಿರಿಯರು ಬ್ರೂಕ್ಲಿನ್‌ನಲ್ಲಿ ತುಂಬ ಜನ ಇದ್ದಾರೆ. ಅಲ್ಲಿ ಇಂಜಿನಿಯರ್, ಡಾಕ್ಟರ್ ಆಗಿದ್ದವರು ಇಲ್ಲಿ ಸರ್ಕಾರದ ಸಹಾಯಧನದಲ್ಲಿ ಒಂದು ಕೋಣೆಯ ಮನೆಯಲ್ಲಿರುತ್ತಾರೆ. ನಾಜಿಗಳ ಕೈಯಿಂದ ಬದುಕಿ ಉಳಿದವರಲ್ಲೂ ಬಡವರು ಬಹಳ. ಶ್ರೀಮಂತ ದಾನಿಗಳು ಇಲ್ಲ ಅಂತಲ್ಲ. ಆದರೆ ಬರೀ ಅವರನ್ನು ನಂಬಿ ಏನೂ ನಡೆಯುವುದಿಲ್ಲ.

ಸೆಕ್ರೆಟರಿ ಸರ್, ದುಡ್ಡಿನ ವಿಷಯ ನನ್ನ ಕೆಲಸವೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ನಾರ್ಕ್ ಮಾದರಿಯಲ್ಲಿ ಮೂರು ಕಡೆಯಿಂದ ಬರಬೇಕು. ಸರ್ಕಾರ ಸ್ವಲ್ಪ, ದಾನ ಕೊಡುವ ಸಂಸ್ಥೆ ಸ್ವಲ್ಪ, ಕಟ್ಟಡದ ಸೊಸೈಟಿಯೂ ಸ್ವಲ್ಪ. ಮೊದಲು ಫೆಡರೇಶನ್ ದುಡ್ಡಿನಲ್ಲಿ ನಡೆಸಿ ತೋರಿಸಿದರು. ತೊಂಬತ್ತರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ರಾಜ್ಯ ಸರ್ಕಾರ ಇದಕ್ಕೆ ಕಾನೂನು ಮಾಡಿತು, 1999ರಲ್ಲಿ ನಗರಾಡಳಿತವೂ ಸೇರಿತು. ಸೊಸೈಟಿ ತನ್ನ ಪಾಲು ಹಾಕಲೇಬೇಕು ಅನ್ನುವುದು ಒಳ್ಳೆ ನಿಯಮ. ನಗದು ಇಲ್ಲದಿದ್ದರೆ ಜಾಗ ಕೊಡಿ, ಕರೆಂಟು ಕೊಡಿ. ದುಡ್ಡು ಹಾಕಿದ ಮೇಲೆ ಸೊಸೈಟಿಯವರು ಮೀಟಿಂಗಿಗೆ ಬಂದೇ ಬರುತ್ತಾರೆ.

ಊಟಕ್ಕೆ ಬೇರೆ ದಾರಿ. 1965ರ ಓಲ್ಡರ್ ಅಮೆರಿಕನ್ಸ್ ಆಕ್ಟ್ ಅಂತ ಒಂದು ಕೇಂದ್ರ ಕಾಯ್ದೆ ಇದೆ. ಅದರ ಅನುದಾನದಲ್ಲಿ ನಡೆಯುವ ಊಟಕ್ಕೆ 60 ತುಂಬಿದ ಯಾರೇ ಬರಬಹುದು, ಆದಾಯದ ಸರ್ಟಿಫಿಕೇಟ್ ಕೇಳುವಂತಿಲ್ಲ. ಒಂದು ಡಬ್ಬಿ ಇಟ್ಟಿರುತ್ತಾರೆ. ಹಾಕಿದರೆ ಹಾಕಿ, ಇಲ್ಲದಿದ್ದರೆ ಇಲ್ಲ. ಹೆಚ್ಚಿನವರು ಹಾಕುತ್ತಾರೆ. ಇಲ್ಲದವರೂ ಒಂದು ನಾಣ್ಯ ಹಾಕಿ ಸದ್ದು ಮಾಡುತ್ತಾರೆ.

ಕಾಪು ಕಡಲು

ನಮಸ್ಕಾರ ಎಲ್ಲರಿಗೂ. ನಾನು ಇಸ್ರೇಲಿನಲ್ಲಿ ಕೇರ್‌ಗಿವರ್. ಮೊದಲು ಜೆರುಸಲೇಮಿನಲ್ಲಿ ಇದ್ದೆ, ಈಗ ಅಶ್ದೋದ್. ಊರಿಂದ, ಮಂಗಳೂರು ಉಡುಪಿ ಕಡೆಯಿಂದ ಇಲ್ಲಿ ಸುಮಾರು ಜನ ಇದ್ದೇವೆ, ಕೇರಳದವರು ಇನ್ನೂ ಜಾಸ್ತಿ.

ಇಲ್ಲಿ ಡೇ ಸೆಂಟರ್ ಅಂತ ಉಂಟು. ನನ್ನ ಸಾವ್ತಾ, ಅಂದರೆ ನಾನು ನೋಡಿಕೊಳ್ಳುವ ಅಜ್ಜಿ, ವಾರದಲ್ಲಿ ಕೆಲವು ದಿನ ಹೋಗುತ್ತಾರೆ. ಬೆಳಿಗ್ಗೆ ವ್ಯಾನ್ ಬರುತ್ತದೆ. ಕುರ್ಚಿಯಲ್ಲಿ ಕೂತೇ ವ್ಯಾಯಾಮ, ಆಮೇಲೆ ಮಣ್ಣಿನ ಕೆಲಸ ಅಥವಾ ಹಾಡು, ಮಧ್ಯಾಹ್ನ ಬಿಸಿ ಊಟ. 1986ರಲ್ಲಿ ಇಲ್ಲಿ ಒಂದು ಕಾನೂನು ಆಯಿತು, 88ರಿಂದ ಜಾರಿ. ಮನೆಯಲ್ಲಿ ಸಹಾಯ ಬೇಕಾದ ಹಿರಿಯರಿಗೆ ರಾಷ್ಟ್ರೀಯ ವಿಮೆಯಿಂದ ವಾರಕ್ಕೆ ಇಷ್ಟು ಗಂಟೆ ಅಂತ ಸಿಗುತ್ತದೆ. ಆ ಗಂಟೆಗಳಲ್ಲಿ ಸ್ವಲ್ಪ ಡೇ ಸೆಂಟರಿಗೆ ಬದಲಾಯಿಸಿಕೊಳ್ಳಬಹುದು.

ಇನ್ನೊಂದು ಉಂಟು, ಸೆಕ್ರೆಟರಿಯವರಿಗೆ ಇಷ್ಟ ಆಗಬಹುದು. ಒಂದು ಬಡಾವಣೆಯ ಹಿರಿಯರೆಲ್ಲ ತಿಂಗಳಿಗೆ ಸಣ್ಣ ಶುಲ್ಕ ಕಟ್ಟಿ ಸದಸ್ಯರಾಗುತ್ತಾರೆ. ಅವರಿಗೆಲ್ಲ ಸೇರಿ ಒಬ್ಬ ಮನುಷ್ಯ. ಅವನನ್ನು ಸಮುದಾಯದ ಅಪ್ಪ ಅಂತಲೇ ಕರೆಯುತ್ತಾರೆ, ವಯಸ್ಸಿನಲ್ಲಿ ಅವನು ಅವರ ಮಗನ ಹಾಗೆ ಇದ್ದರೂ. ನಲ್ಲಿ ಸೋರಿದರೆ ಅವನು, ಬಲ್ಬ್ ಹೋದರೆ ಅವನು, ಆಸ್ಪತ್ರೆಯಿಂದ ಬಂದವರನ್ನು ವಿಚಾರಿಸಿಕೊಳ್ಳುವುದೂ ಅವನೇ. ಮನೆಯಲ್ಲಿ ಒಂದು ತುರ್ತು ಗುಂಡಿ ಕೂಡ, ಒತ್ತಿದರೆ ಯಾರಾದರೂ ಮಾತಾಡುತ್ತಾರೆ. ಜೊತೆಗೆ ಕ್ಲಬ್ಬು, ಭಾಷಣ, ಪ್ರವಾಸ. ನನಗೆ ಕಂಡ ಹಾಗೆ ಮುದುಕರಿಗೆ ಗುಂಡಿಗಿಂತ ಆ ಮನುಷ್ಯನ ಮೇಲೆ ಭರವಸೆ ಜಾಸ್ತಿ.

ಬಸ್ಸಿನಲ್ಲಿ ಹಿರಿಯರ ಸೀಟಿನ ಹತ್ತಿರ ಬೈಬಲ್ಲಿನ ಒಂದು ಸಾಲು ಬರೆದಿರುತ್ತದೆ, ನರೆತ ತಲೆಯ ಮುಂದೆ ಎದ್ದು ನಿಲ್ಲು ಅಂತ. ಯಾಜಕಕಾಂಡದ ಮಾತು. ಫೋನ್ ನೋಡುತ್ತಾ ಕೂತ ಹುಡುಗರು ಏಳುವುದಿಲ್ಲ ಮಾರಾಯ್ರೆ, ಅದು ಬೇರೆ ವಿಷಯ.

ಹಳೇ ಮೇಷ್ಟ್ರು

ಎಲ್ಲ ಓದಿದೆ. ನನಗೆ 74. ಹಾಸನದ ಹತ್ತಿರ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಜೀವನ ಪೂರ್ತಿ ದುಡಿದವನಿಗೆ ಮತ್ತೆ ಯಾಕೆ ದುಡಿಮೆ? ಸುಮ್ಮನೆ ಕೂರುವುದು ತಪ್ಪಾ? ಜಗುಲಿಯ ಮೇಲೆ ಕೂತು ಹೋಗಿಬರುವವರನ್ನು ನೋಡುವುದೂ ಒಂದು ಬದುಕೇ. ಎಂಬತ್ತರ ಅಜ್ಜಿಯ ಕೈಯಲ್ಲಿ ಬ್ರಷ್ ಕೊಟ್ಟು ಚಿತ್ರ ಬಿಡಿಸಿ, ಫೋಟೋ ತೆಗೆದು ದಾನಿಗಳಿಗೆ ಕಳಿಸುವುದು ಕಂಡರೆ ನನಗೆ ಆಗುವುದಿಲ್ಲ. ಬಾಲವಾಡಿ ಮಕ್ಕಳ ಥರ ಚಪ್ಪಾಳೆ ತಟ್ಟಿಸುತ್ತಾರೆ.

ಕಾಪು ಕಡಲು

ಮೇಷ್ಟ್ರೇ, ಚಪ್ಪಾಳೆ ತಟ್ಟಿಸುವುದನ್ನು ನಾನೂ ನೋಡಿದ್ದೇನೆ. ಬಲೂನ್ ಹೊಡೆಯುವ ಆಟ. ನಮ್ಮ ಸಾವ್ತಾ ಅದು ಶುರುವಾದರೆ ಮುಖ ತಿರುಗಿಸುತ್ತಾರೆ. ಅವರು ಮೊದಲು ನೋಟರಿ ಆಫೀಸಿನಲ್ಲಿ ಇದ್ದವರು.

ಆದರೆ ಜೆರುಸಲೇಮಿನಲ್ಲಿ ಯಾದ್ ಲಕಶೀಶ್ ಅಂತ ಒಂದು ಜಾಗ ಉಂಟು. ಅದು ಬೇರೆ ಥರ. 1962ರಲ್ಲಿ ಮಿರಿಯಮ್ ಮೆಂಡಿಲೋ ಅನ್ನುವ ಟೀಚರ್ ಶುರು ಮಾಡಿದ್ದು. ನಿಮ್ಮ ಹಾಗೆ ಮೇಷ್ಟ್ರು ಕೆಲಸ ಅವರದ್ದು. ಬೀದಿಯಲ್ಲಿ ಬೇಡುತ್ತಿದ್ದ ಮುದುಕರನ್ನು ನೋಡಿ ಅವರಿಗೆ ತಡೆಯಲಿಲ್ಲ. ಅವರು ಭಿಕ್ಷೆ ಕೊಡಲಿಲ್ಲ, ಆಶ್ರಮವೂ ಕಟ್ಟಲಿಲ್ಲ. ಪುಸ್ತಕಕ್ಕೆ ಬೈಂಡ್ ಹಾಕುವ ಒಂದು ಕೋಣೆ ತೆರೆದರು. ಶಾಲೆಗಳ ಹರಿದ ಪುಸ್ತಕ ತರಿಸಿ ಮುದುಕರ ಕೈಯಲ್ಲಿ ರಿಪೇರಿ ಮಾಡಿಸಿದರು. ಆ ಮಕ್ಕಳಿಗೆ ತಮ್ಮ ಪುಸ್ತಕ ಸರಿ ಮಾಡಿದ್ದು ಯಾರು ಅಂತ ಗೊತ್ತಾಯಿತು.

ಈಗ ಅಲ್ಲಿ ಪಿಂಗಾಣಿ, ಲೋಹದ ಕೆಲಸ, ಕಸೂತಿ, ರೇಷ್ಮೆ ಮೇಲೆ ಬಣ್ಣ, ಕಾಗದದ ಗೊಂಬೆ ಎಲ್ಲ ಮಾಡುತ್ತಾರೆ. ರಷ್ಯಾದಿಂದ, ಇಥಿಯೋಪಿಯಾದಿಂದ ಬಂದ ಬಡ ಮುದುಕರೇ ಜಾಸ್ತಿ. ಅವರಿಗೆ ತಿಂಗಳಿಗೆ ಸ್ವಲ್ಪ ಸಂಭಾವನೆ, ಬಸ್ ಪಾಸ್, ಮಧ್ಯಾಹ್ನ ಬಿಸಿ ಊಟ. ಮಾಡಿದ್ದನ್ನೆಲ್ಲ ಅಲ್ಲೇ ಅಂಗಡಿಯಲ್ಲಿ ಮಾರುತ್ತಾರೆ, ಪ್ರವಾಸಿಗರು ಕೊಳ್ಳುತ್ತಾರೆ. ನಾನು ರಜೆಯಲ್ಲಿ ಹೋದಾಗ ಒಂದು ಮೇಜುಬಟ್ಟೆ ತೆಗೆದುಕೊಂಡೆ. ಕನಿಕರಕ್ಕೆ ಅಲ್ಲ, ನಿಜವಾಗಿ ಚಂದ ಇತ್ತು. ಕಳಪೆ ಆದರೆ ಮಾರಲಿಕ್ಕೆ ಇಡುವುದಿಲ್ಲವಂತೆ. ಅಲ್ಲೇ ವ್ಯತ್ಯಾಸ ಇರುವುದು ಅಂತ ನನಗೆ ಅನ್ನಿಸುತ್ತದೆ. ಬಿಚ್ಚಿ ಮತ್ತೆ ಹೊಲಿ ಅಂತ ಹೇಳುವವರು ಇದ್ದರೆ ಅದು ಕೆಲಸ. ಏನು ಮಾಡಿದರೂ ವಾವ್ ಅಂದರೆ ಅದು ಬಾಲವಾಡಿ.

ಹಳೇ ಮೇಷ್ಟ್ರು

ಬಿಚ್ಚಿ ಮತ್ತೆ ಹೊಲಿ ಅನ್ನುವುದು ಒಪ್ಪಿದೆ ತಾಯಿ. ತಪ್ಪು ಲೆಕ್ಕಕ್ಕೆ ಕೆಂಪು ಗೆರೆ ಎಳೆಯದಿದ್ದರೆ ಹುಡುಗನಿಗೂ ಮರ್ಯಾದೆ ಇಲ್ಲ, ಲೆಕ್ಕಕ್ಕೂ ಇಲ್ಲ. ಆದರೆ ಬೇಡ ಅನ್ನುವವರಿಗೆ ಬೇಡ ಅನ್ನಲು ಬಿಡಬೇಕು. ನನ್ನ ಜಗುಲಿ ನನಗಿರಲಿ.

ನ್ಯೂಜೆರ್ಸಿ ಸೊಸೆ

ಜಗುಲಿ ಇರುವವರಿಗೆ ಸರಿ ಮೇಷ್ಟ್ರೇ. ನನ್ನ ಅತ್ತೆ ಮಾವ ಇಲ್ಲಿಗೆ ಬಂದಾಗ ಜಗುಲಿಯೂ ಇಲ್ಲ, ಬೀದಿಯಲ್ಲಿ ಹೋಗಿಬರುವವರೂ ಇಲ್ಲ. ಕಾರು ಓಡಿಸಲು ಬರಲ್ಲ. ಹಿಮ ಬಿದ್ದರೆ ಕಿಟಕಿಯೇ ಗತಿ.

ನಮ್ಮೂರಿನ ಜೆಸಿಸಿ, ಅಂದರೆ ಯಹೂದಿ ಸಮುದಾಯ ಕೇಂದ್ರ, ಅದರ ಪ್ರೀಸ್ಕೂಲಿಗೆ ನಮ್ಮ ಮಗನನ್ನು ಹಾಕಿದ್ದೆವು. ಇಲ್ಲಿ ಎಷ್ಟೋ ದೇಸಿ ಮನೆಯವರು ಹಾಕುತ್ತಾರೆ. ಒಂದೇ ಕಟ್ಟಡದಲ್ಲಿ ಪ್ರೀಸ್ಕೂಲು, ಜಿಮ್ಮು, ಈಜುಕೊಳ, ಹಿರಿಯರ ಊಟದ ಕೋಣೆ. ಮಾವ ಮೊಮ್ಮಗನನ್ನು ಬಿಡಲು ನನ್ನ ಜೊತೆ ಕಾರಿನಲ್ಲಿ ಬಂದವರು ಆ ಊಟದ ಕೋಣೆ ಕಡೆ ಇಣುಕಿದರು. ಅಲ್ಲಿ ಹಿರಿಯರು ಅವತ್ತಿನ ಪೇಪರ್ ಹರಡಿಕೊಂಡು ಟೇಬಲ್ ಗುದ್ದಿ ವಾದ ಮಾಡುತ್ತಿದ್ದರು. ಮಾವನಿಗೆ ಸ್ವರ್ಗ ಸಿಕ್ಕ ಹಾಗಾಯಿತು. ಯಹೂದಿ ಅಲ್ಲ ಅಂತ ಯಾರೂ ಏನೂ ಅನ್ನಲಿಲ್ಲ, ಸದಸ್ಯತ್ವ ಎಲ್ಲರಿಗೂ ಒಂದೇ.

ಅತ್ತೆಗೆ ಊಟದ ಚಿಂತೆ ಇತ್ತು, ನಮ್ಮದು ಪೂರ್ತಿ ಸಸ್ಯಾಹಾರ. ಕೋಷರ್ ಪದ್ಧತಿಯಲ್ಲಿ ಮಾಂಸ ಹಾಲು ಒಟ್ಟಿಗೆ ಸೇರುವಂತಿಲ್ಲ. ಪಾತ್ರೆಯೂ ಬೇರೆ ಬೇರೆ. ಹಾಲಿನ ಅಡುಗೆ ಇರುವ ದಿನ ಮಾಂಸ ಅಲ್ಲಿ ಸುಳಿಯುವುದೇ ಇಲ್ಲ. ಮೀನು, ಮೊಟ್ಟೆ ಇರಬಹುದು, ಅದನ್ನು ಕೇಳಿಕೊಳ್ಳಬೇಕು. ಮಡಿ ಮೈಲಿಗೆಯಲ್ಲಿ ಬೆಳೆದ ಅತ್ತೆಗೆ ಈ ಪಾತ್ರೆ ಲೆಕ್ಕ ಒಂದು ನಿಮಿಷದಲ್ಲಿ ಅರ್ಥ ಆಯಿತು, ನನಗೆ ಇನ್ನೂ ಪೂರ್ತಿ ಆಗಿಲ್ಲ!

ಆಟ ಅಂದರೆ ಮಾಜಾಂಗ್. ಬಿಲ್ಲೆ ಜೋಡಿಸುವ ಚೀನಾದ ಆಟ, ಆದರೆ ಇಲ್ಲಿನ ಯಹೂದಿ ಹೆಂಗಸರು ಅದನ್ನು ತಮ್ಮದೇ ಮಾಡಿಕೊಂಡಿದ್ದಾರೆ. 1937ರಲ್ಲೇ ನ್ಯೂಯಾರ್ಕಿನಲ್ಲಿ ಅದಕ್ಕೆ ಒಂದು ರಾಷ್ಟ್ರೀಯ ಲೀಗ್ ಕಟ್ಟಿದರು. ಪ್ರತಿ ವರ್ಷ ಗೆಲ್ಲುವ ಜೋಡಣೆಗಳ ಹೊಸ ಕಾರ್ಡ್ ಬರುತ್ತದೆ. ಹೋದ ವರ್ಷದ ಬಾಯಿಪಾಠ ಈ ವರ್ಷ ಕೆಲಸಕ್ಕೆ ಬರಲ್ಲ, ಎಲ್ಲರೂ ಮತ್ತೆ ಕಲಿಯಬೇಕು.

ಗಂಡಸರದ್ದೇ ಸಮಸ್ಯೆ. ಯಾವ ಕ್ಲಾಸಿಗೂ ಬರುವುದಿಲ್ಲ, ಹೆಂಡತಿ ತೀರಿಕೊಂಡ ಮೇಲಂತೂ ಮನೆ ಬಿಟ್ಟು ಹೊರಡುವುದಿಲ್ಲ. ಅದಕ್ಕೆ ಕೆಲವು ಜೆಸಿಸಿಗಳಲ್ಲಿ ರೋಮಿಯೋ ಕ್ಲಬ್ ಅಂತ ಮಾಡಿದ್ದಾರೆ. ರಿಟೈರ್ ಆದ ಮುದುಕರೆಲ್ಲ ಸೇರಿ ಹೋಟೆಲಿಗೆ ಊಟಕ್ಕೆ ಹೋಗುವುದು, ಅಷ್ಟೇ. ಕಲಿಯುವುದು ಗಿಲಿಯುವುದು ಏನೂ ಇಲ್ಲ. ಅದಕ್ಕೆ ಬರುತ್ತಾರೆ.

ಧಾರವಾಡದಾಕಿ

ಇಲ್ಲಿ ಯಾರಾದರೂ 83ರ ವಯಸ್ಸಿನ ಬಾರ್ ಮಿಟ್ಸ್‌ವಾ ನೋಡಿದ್ದೀರಾ? ಯಹೂದಿ ಹುಡುಗರಿಗೆ 13ಕ್ಕೆ ಮಾಡುವ ಸಂಸ್ಕಾರ ಅದು, ನಮ್ಮ ಮುಂಜಿ ಇದ್ದ ಹಾಗೆ. ಮನುಷ್ಯನ ಆಯುಷ್ಯ 70 ಅಂತ ಬೈಬಲ್ಲಿನ ಕೀರ್ತನೆಗಳಲ್ಲಿ ಇದೆ. ಅದು ಮುಗಿದ ಮೇಲಿನದ್ದು ಹೊಸ ಜನ್ಮ, ಅದರ 13ನೇ ವರ್ಷ ಅಂದರೆ 83. ಆಗ ಇನ್ನೊಮ್ಮೆ ಮಾಡುತ್ತಾರೆ. ನಾನು ಬಾಸ್ಟನ್‌ನಲ್ಲಿ ಓದುವಾಗ ಮನೆ ಮಾಲೀಕರದ್ದು ನಡೆಯಿತು, ನನ್ನನ್ನೂ ಕರೆದಿದ್ದರು.

ನಮ್ಮಲ್ಲಿ 70ಕ್ಕೆ ಭೀಮರಥ ಶಾಂತಿ, 80 ದಾಟಿದ ಮೇಲೆ ಸಹಸ್ರಚಂದ್ರ ದರ್ಶನ ಅದ ಅಲ್ವಾ. ಆದರೆ ನಮ್ಮ ಅಜ್ಜ ಶಾಲು ಹೊದ್ದುಕೊಂಡು ಕೂತಿದ್ದರು, ಆಚಾರ್ರು ಮಂತ್ರ ಹೇಳಿದರು, ಮಕ್ಕಳು ನೀರು ಸುರಿದರು, ಮುಗೀತು. ಆ ಮಾಲೀಕರು ತಿಂಗಳುಗಟ್ಟಲೆ ಓದಿದರು. ಎಲ್ಲರ ಮುಂದೆ ತೋರಾದ, ಅಂದರೆ ಅವರ ಧರ್ಮಗ್ರಂಥದ ಸುರುಳಿಯ, ಒಂದು ಭಾಗ ಹೀಬ್ರೂನಲ್ಲಿ ರಾಗವಾಗಿ ಓದಬೇಕು, ಅದರ ಮೇಲೆ ತಮ್ಮ ಮಾತು ಹೇಳಬೇಕು. ಸ್ವರ ಚಿಹ್ನೆ ಆ ಸುರುಳಿಯಲ್ಲಿ ಇರುವುದಿಲ್ಲ, ನೆನಪಿನಿಂದಲೇ ಓದಬೇಕು. ಅಡುಗೆಮನೆಯಲ್ಲಿ ರಾತ್ರಿ ಹತ್ತಕ್ಕೆ ಅವರು ಗೊಣಗುವುದು ನನ್ನ ರೂಮಿಗೆ ಕೇಳಿಸುತ್ತಿತ್ತು.

ಹೆಂಗಸರದ್ದು ಇನ್ನೂ ಬೇರೆ ಕಥೆ. ಹುಡುಗಿಯರಿಗೆ ಮೊದಲು ಈ ಸಂಸ್ಕಾರವೇ ಇರಲಿಲ್ಲ. ಅಮೆರಿಕದಲ್ಲಿ ಮೊದಲು ಆದದ್ದು 1922ರಲ್ಲಿ, ಮೊರ್ಡೆಕಾಯ್ ಕಪ್ಲಾನ್ ಅನ್ನುವ ರಬ್ಬಿಯ (ಯಹೂದಿ ಧರ್ಮಗುರು) ಮಗಳು ಜೂಡಿತ್‌ಗೆ. ಆಕೆ 1992ರಲ್ಲಿ, 80 ದಾಟಿದ ಮೇಲೆ, ಎರಡನೇ ಸಲ ಮಾಡಿಕೊಂಡರು. ಹುಡುಗಿಯಾಗಿದ್ದಾಗ ಸಿಗದ ಎಷ್ಟೋ ಅಜ್ಜಿಯರು ಈಗ ಗುಂಪಾಗಿ ಅಕ್ಷರ ಕಲಿತು ಓದುತ್ತಾರೆ.

ಬಸವನಗುಡಿ ಬಾಬು

ಧಾರವಾಡದಾಕಿ, ನಿಮ್ಮ ಹೋಲಿಕೆ ಸ್ವಲ್ಪ ಏಕಪಕ್ಷೀಯ. ನಮ್ಮ ರಸ್ತೆಯ ಭಜನಾ ಮಂಡಳಿಯ ಹೆಂಗಸರು 65ರಲ್ಲಿ ಸೌಂದರ್ಯ ಲಹರಿ ಕಲಿತರು, ದಾಸರ ಪದಗಳಿಗೆ ಹೊಸ ರಾಗ ಹಾಕಿಕೊಂಡರು. ಉಚ್ಚಾರ ತಪ್ಪಿದರೆ ಅಲ್ಲಿನ ಹಿರಿಯ ಅಮ್ಮ ಬಿಡುವುದಿಲ್ಲ. ಸಂಸ್ಥೆ ಇಲ್ಲ, ಬಜೆಟ್ ಇಲ್ಲ, ಯಾರೋ ಒಬ್ಬರ ಮನೆಯ ಹಾಲ್, ಕೊನೆಗೆ ಕೋಸಂಬರಿ. ಅದೂ ಇದೇ ಅಲ್ವಾ?

ಧಾರವಾಡದಾಕಿ

ಅದೂ ಇದೇ, ಒಪ್ಪಿದೆ. ಆದರೆ ಮಂಡಿ ನೋವು ಬಂದು ಎರಡನೇ ಮಹಡಿ ಇಳಿಯಲು ಆಗದವರನ್ನು ಆ ಮಂಡಳಿಗೆ ಯಾರು ಕರೆದುಕೊಂಡು ಬರುತ್ತಾರೆ? ಜೆಸಿಸಿಯವರಿಗೆ ವ್ಯಾನ್ ಇದೆ. ನನಗೆ ವ್ಯಾನೇ ದೊಡ್ಡದು ಅನ್ನಿಸುತ್ತದೆ, ಕ್ಲಾಸಲ್ಲ.

ವೀರ ಕನ್ನಡಿಗ 99

ಗಾಜಾದಲ್ಲಿ ಏನಾಗುತ್ತಿದೆ ಅಂತ ನೋಡದೆ ಇಲ್ಲಿ ಇಸ್ರೇಲಿಗೆ ಜಾಹೀರಾತು ನಡೀತಿದೆ.

ಮಾಡರೇಟರ್

ಆ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಹಿರಿಯರ ವಿಷಯ ಮಾತ್ರ. ಇದಕ್ಕೆ ಉತ್ತರವಾಗಿ ಬಂದ ಕಾಮೆಂಟುಗಳನ್ನು ತೆಗೆದಿದ್ದೇನೆ.

ಕಾಪು ಕಡಲು

ಜಾಹೀರಾತು ಮಾಡಲಿಕ್ಕೆ ನನಗೆ ಯಾರೂ ದುಡ್ಡು ಕೊಡುವುದಿಲ್ಲ. ಸೈರನ್ ದಿನಗಳಲ್ಲಿ ಡೇ ಸೆಂಟರ್ ಮುಚ್ಚಿರುತ್ತದೆ, ಸಾವ್ತಾಳನ್ನು ಸುರಕ್ಷಿತ ಕೋಣೆಗೆ ಕರೆದುಕೊಂಡು ಹೋಗುವುದು ನಾನು. ಇನ್ನೊಂದು ಹೇಳುತ್ತೇನೆ. ಈ ಎಲ್ಲ ವ್ಯವಸ್ಥೆ ನಡೆಯುವುದು ನಮ್ಮಂಥವರ ಕೈಯಿಂದ. ನನ್ನ ಅಮ್ಮ ಕಾಪುವಿನಲ್ಲಿ ಒಬ್ಬರೇ ಇದ್ದಾರೆ. ಪಕ್ಕದ ಮನೆಯ ಹುಡುಗಿಗೆ ನಾನು ತಿಂಗಳಿಗೆ ದುಡ್ಡು ಕಳಿಸುತ್ತೇನೆ, ಅವಳು ಬೆಳಿಗ್ಗೆ ಸಂಜೆ ಹೋಗಿ ನೋಡುತ್ತಾಳೆ. ಅಮ್ಮನನ್ನು ಕರೆಯಲಿಕ್ಕೆ ಯಾವ ವ್ಯಾನೂ ಬರುವುದಿಲ್ಲ. ನ್ಯಾಯವಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಒಂದು ಖುಷಿಯ ವಿಷಯ. ಅಶ್ದೋದಿನಲ್ಲಿ ಬೆನೆ ಇಸ್ರೇಲಿ ಅಜ್ಜಿಯರು ಸಿಗುತ್ತಾರೆ. ಕೊಂಕಣ ಕರಾವಳಿಯಿಂದ ಬಂದ ಯಹೂದಿಗಳು. ಮನೆಮಾತು ಮರಾಠಿ, ನನ್ನದು ಕೊಂಕಣಿ, ಹೇಗೋ ನಡೆಯುತ್ತದೆ. ಅವರಲ್ಲಿ ಮಾಯಬೋಲಿ ಅಂತ ಒಂದು ಮರಾಠಿ ಪತ್ರಿಕೆ ಕೂಡ ಉಂಟು, ಇಲ್ಲಿಯೇ ಮಾಡುವುದು. ಪಾರ್ಕಿನ ಬೆಂಚಿನಲ್ಲಿ ಒಬ್ಬರು ನನಗೆ ಸಿಹಿ ಪುರಿಯಲ್ಲಿ ಸಕ್ಕರೆ ಕಡಿಮೆ ಆಯಿತು ಅಂತ ಬೈದದ್ದು ಮರಾಠಿಯಲ್ಲಿ.

ಬಸವನಗುಡಿ ಬಾಬು

ಅಂದ ಹಾಗೆ ಕೊಚ್ಚಿಯ ಜ್ಯೂ ಟೌನಿಗೆ ಹೋದವರು ಸಾರಾ ಕೋಹೆನ್ ಅವರ ಕಸೂತಿ ಅಂಗಡಿ ನೋಡಿರುತ್ತೀರಿ. ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ಹೋದ ಮೇಲೂ ಉಳಿದವರು, 2019ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಅಂಗಡಿ, ಮನೆ ಎಲ್ಲ ನೋಡಿಕೊಂಡದ್ದು ತಾಹಾ ಇಬ್ರಾಹಿಂ ಅನ್ನುವ ಮುಸ್ಲಿಂ ವ್ಯಾಪಾರಿಯ ಮನೆಯವರು. ಅಲ್ಲಿ ಫೆಡರೇಶನ್ ಇರಲಿಲ್ಲ, ಸಮುದಾಯವೇ ಹೆಚ್ಚುಕಡಿಮೆ ಉಳಿದಿರಲಿಲ್ಲ. ಒಬ್ಬ ಪಕ್ಕದವರು ಸಿಕ್ಕಿದ್ದು ಅದೃಷ್ಟ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ ಅಂತಲೇ ಸಂಸ್ಥೆ ಬೇಕಾಗುವುದು ಅಂತ ನನ್ನ ಅಭಿಪ್ರಾಯ.

ಕ್ವೀನ್ಸ್ ಕನ್ನಡಿಗ

ಕೆಫೆ ಯುರೋಪಾ ಬಗ್ಗೆ ಯಾರೂ ಬರೆಯಲಿಲ್ಲ, ನಾನೇ ಬರೆಯುತ್ತೇನೆ. ಹಿಟ್ಲರನ ಶಿಬಿರಗಳಿಂದ ಬದುಕಿ ಬಂದವರು ವಾರಕ್ಕೋ ತಿಂಗಳಿಗೋ ಸೇರುವ ಜಾಗ. ಲಾಸ್ ಏಂಜಲೀಸ್‌ನಲ್ಲಿ ಎಂಬತ್ತರ ದಶಕದಲ್ಲಿ ಶುರುವಾಗಿ ಬೇರೆ ಬೇರೆ ಊರುಗಳಿಗೆ ಹರಡಿತು. ಯುದ್ಧ ಮುಗಿದ ಮೇಲೆ ಸ್ಟಾಕ್‌ಹೋಮಿನ ಒಂದು ಕೆಫೆಯಲ್ಲಿ ಉಳಿದವರು ಬಂದು ತಮ್ಮವರು ಯಾರಾದರೂ ಇದ್ದಾರಾ ಅಂತ ಹುಡುಕುತ್ತಿದ್ದರಂತೆ, ಅದರ ಹೆಸರು. ಹಳೇ ನೋವಿನ ಕಥೆಯನ್ನೇ ಮಾತಾಡುತ್ತಾರೆ ಅಂತ ಅಂದುಕೊಳ್ಳಬೇಡಿ. ಒಬ್ಬ ಅಕಾರ್ಡಿಯನ್ ನುಡಿಸುತ್ತಾನೆ, ಕುಣಿಯುತ್ತಾರೆ, ಕೇಕು ಒಣಗಿದೆ ಅಂತ ದೂರುತ್ತಾರೆ. ಹೇಳದೆಯೇ ಅರ್ಥವಾಗುವವರ ನಡುವೆ ಕೂರುವುದೇ ಅವರಿಗೆ ಬೇಕಾದ್ದು.

ಒಂಟಿತನ ಸಣ್ಣ ವಿಷಯ ಅಲ್ಲ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, ಇದರ ಮೇಲೆ ದೇಶಕ್ಕೇ ಎಚ್ಚರಿಕೆ ಹೊರಡಿಸಿದರು, ಜನರ ಸಂಪರ್ಕ ಇಲ್ಲದಿರುವುದು ದಿನಕ್ಕೆ 15 ಸಿಗರೇಟು ಸೇದಿದಷ್ಟು ಹಾನಿ ಮಾಡಬಹುದು ಅಂತ. ಬರೆದವರು ವಿವೇಕ್ ಮೂರ್ತಿ, ನಮ್ಮ ಮಂಡ್ಯದ ಹಲ್ಲೇಗೆರೆಯ ಮನೆತನದವರು.

ಅಪಾರ್ಟ್‌ಮೆಂಟ್ ಸೆಕ್ರೆಟರಿ

ಎಲ್ಲ ಓದಿಕೊಂಡೆ. ನಮಗೆ ಫೆಡರೇಶನ್ ಇಲ್ಲ, ವ್ಯಾನ್ ಇಲ್ಲ, ಸಮುದಾಯದ ಅಪ್ಪನಿಗೆ ಸಂಬಳ ಕೊಡುವ ಶಕ್ತಿಯೂ ಸದ್ಯಕ್ಕಿಲ್ಲ. ತೀರಾ ಕಡಿಮೆ ಖರ್ಚಿನಲ್ಲಿ ಏನು ಸಾಧ್ಯ? ನಮ್ಮ ಅರ್ಧ ಜನ ಮನೆ ಬಿಟ್ಟು ಕೆಳಗೆ ಬರುವುದಿಲ್ಲ.

ಕ್ವೀನ್ಸ್ ಕನ್ನಡಿಗ

ಫೋನು. ಡೊರೋಟ್ ಅಂತ ಇಲ್ಲಿ ಒಂದು ಸಂಸ್ಥೆ ಇದೆ. 1976ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಪಕ್ಕದ ಬೀದಿಗಳ ಒಂಟಿ ಹಿರಿಯರನ್ನು ನೋಡಿ ಮಾತಾಡಿಸಿಕೊಂಡು ಬರಲು ಶುರು ಮಾಡಿದ್ದು. ಹಬ್ಬಕ್ಕೆ ಒಂದು ಪೊಟ್ಟಣ ಹಿಡಿದು ಹೋಗುತ್ತಾರೆ, ಕೊಟ್ಟು ಓಡಿಬರುವಂತಿಲ್ಲ, ಕೂತು ಮಾತಾಡಬೇಕು. ಆಮೇಲೆ ಅವರು ಫೋನಿನಲ್ಲೇ ಕ್ಲಾಸು ಮಾಡಿದರು, ಇಂಟರ್ನೆಟ್ ಮನೆ ಮನೆಗೆ ಬರುವುದಕ್ಕೆ ಎಷ್ಟೋ ಮುಂಚೆ. ಹಾಸಿಗೆ ಹಿಡಿದವರೂ ಕಾನ್ಫರೆನ್ಸ್ ಕಾಲಿನಲ್ಲಿ ಸೇರಿ ಸಂಗೀತ, ಇತಿಹಾಸ, ರಾಜಕೀಯ ಚರ್ಚೆ ಮಾಡುತ್ತಾರೆ. ಸೆಲ್ಫ್‌ಹೆಲ್ಪ್ ಅನ್ನುವ ಇನ್ನೊಂದು ಸಂಸ್ಥೆ, 1936ರಲ್ಲಿ ಜರ್ಮನಿಯಿಂದ ಓಡಿಬಂದವರು ಕಟ್ಟಿದ್ದು, 2010ರಿಂದ ಇದನ್ನೇ ವಿಡಿಯೋದಲ್ಲಿ ಮಾಡುತ್ತಿದೆ.

ಸಂಬಳ ಬೇಡ ಅಂದರೆ ಲಾಸ್ ಏಂಜಲೀಸ್‌ನ ಖೈ ವಿಲೇಜ್ ನೋಡಿ. 2016ರಲ್ಲಿ ಎರಡು ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಸೇರಿ ಮಾಡಿದ್ದು. ಸದಸ್ಯರೇ ಸದಸ್ಯರಿಗೆ ಸಹಾಯ. 68ರವರು 85ರವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ, 85ರವರು ಆಸ್ಪತ್ರೆಯಿಂದ ಬಂದವರಿಗೆ ದಿನಾ ಫೋನ್ ಮಾಡುತ್ತಾರೆ. ಪಡೆಯುವವರ ಪಟ್ಟಿ, ಕೊಡುವವರ ಪಟ್ಟಿ ಅಂತ ಬೇರೆ ಬೇರೆ ಇಲ್ಲ.

ಇಲ್ಲಿ ಕ್ವೀನ್ಸ್‌ನಲ್ಲಿ ನಮ್ಮವರೂ ಮಾಡಿದ್ದಾರೆ. 2007ರಲ್ಲಿ ಶುರುವಾದ ಇಂಡಿಯಾ ಹೋಮ್, ದಕ್ಷಿಣ ಏಷ್ಯಾದ ಹಿರಿಯರಿಗೆ ಅಂತಲೇ. ಊಟ ನಮ್ಮ ರುಚಿಯದು, ಯೋಗ, ಆಟ, ಕಾಗದಪತ್ರದ ಸಹಾಯ.

ನಿಮ್ಮಲ್ಲಿ ಶುರು ಮಾಡುವುದಾದರೆ ವಾರಕ್ಕೊಂದು ಕಾಲ್ ಸಾಕು. ಹತ್ತು ಜನಕ್ಕಿಂತ ಜಾಸ್ತಿ ಬೇಡ, ಫೋನಿನಲ್ಲಿ ಗದ್ದಲ ಆಗುತ್ತದೆ. ಮಾತಾಡುವ ಮುಂಚೆ ಹೆಸರು ಹೇಳಬೇಕು, ಇಲ್ಲದಿದ್ದರೆ ಯಾರ ದನಿ ಅಂತ ಗೊತ್ತಾಗಲ್ಲ. ಮತ್ತೆ ಅವರಾಗಿ ಡಯಲ್ ಮಾಡಲಿ ಅಂತ ಕಾಯಬೇಡಿ, ಈ ಕಡೆಯಿಂದ ನೀವೇ ಸೇರಿಸಿಕೊಳ್ಳಿ. ನಡೆಸುವವರು ಹಿರಿಯರಲ್ಲೇ ಒಬ್ಬರಾಗಿರಲಿ, ನಿಮ್ಮ ಕಮಿಟಿಯವರು ಬೇಡ.

ಹಳೇ ಮೇಷ್ಟ್ರು

ಜಗುಲಿಯಿಂದಲೇ ಆಗುವುದಾದರೆ ನಾನು ತಯಾರು. ಲೀಲಾವತಿ ಗಣಿತದ ಲೆಕ್ಕಗಳನ್ನು ಕಥೆ ಮಾಡಿ ಹೇಳುತ್ತೇನೆ. ಆದರೆ ಉತ್ತರ ಬರೆದುಕೊಂಡು ಬರಬೇಕು. ತಪ್ಪಾದರೆ ತಪ್ಪು ಅಂತಲೇ ಹೇಳುವವನು ನಾನು.

ಅಪಾರ್ಟ್‌ಮೆಂಟ್ ಸೆಕ್ರೆಟರಿ

ಮೇಷ್ಟ್ರೇ, ನಿಮ್ಮ ನಂಬರ್ ಇಲ್ಲಿ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಬುಧವಾರ ಬೆಳಿಗ್ಗೆ ಹನ್ನೊಂದು ಆಗುತ್ತದಾ? ಸಂಜೆ ಅಂದರೆ ನಮ್ಮ ಹೆಂಗಸರು ಸೀರಿಯಲ್ ಬಿಟ್ಟು ಬರುವುದಿಲ್ಲ.

ಹಳೇ ಮೇಷ್ಟ್ರು

ಹನ್ನೊಂದಕ್ಕೆ ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಫೋನ್ ಚಾರ್ಜ್ ಇರುವುದಿಲ್ಲ. ಹತ್ತೂವರೆ ಇಟ್ಟುಕೊಳ್ಳಿ.